ಬರಿಗಾಲಿಗೆ ಇಳಿಸಿದ ಪೆಡಲು

ಶಿವಕಾಂತಾಳ ಅಪ್ಪನವರಿಗೆ,

ಕುದುರೆ ಮಾರಿ ತಂದ ನಿಮ್ಮ ಹಳೆಯ ಫಟಫಟಿಯ ಬಲಗಡೆಯ ಗೇರಿನ ಪೆಡಲನ್ನು ಒಂದು ಹಲ್ಲು ಕೆಳಗೆ ಇಳಿಸಿದ್ದೇನೆ. ಅದು ಬೂಟಿನ ಎತ್ತರಕ್ಕಿತ್ತು. ನೀವೋ ಶ್ರಾವಣ ಮುಗಿಯುವವರೆಗೆ ಚಪ್ಪಲಿಯನ್ನೂ ಮೆಟ್ಟುವುದಿಲ್ಲವೆಂದು ಹರಕೆ ಹೊತ್ತವರು. ಮೂರು ದಿನದಿಂದ ಅದನ್ನು ಬರಿಗಾಲಲ್ಲಿ ಎತ್ತಿ ಎತ್ತಿ ಬಲಗಾಲ ಹೆಬ್ಬೆರಳು ಊದಿಸಿಕೊಂಡು ಕುಂಟುತ್ತಿದ್ದೀರಿ. ನಾನು ನಡುವೆ ಬಾಯಿ ಹಾಕಿದರೆ, "ಹೆಣ್ಮಕ್ಕಳಿಗಿ ಇದರಾಗ ಏನ್ ತಿಳೀತದ?" ಅಂದಿರಿ. ತಿಳಿಯಿತು. ಬೋಲ್ಟು ಬಿಗಿಯಾಗಿದೆ, ಮತ್ತೆ ತಿರುವಬೇಡಿ. ಪಾನಾ ಒರೆಸಿ ಗೂಟಕ್ಕೆ ಹಾಕಿದ್ದೇನೆ.

ನಾನು ಹೊಲಕ್ಕೆ ಹೊರಟೆ. ರೊಟ್ಟಿ ನೆಲುವಿನಲ್ಲಿದೆ. ಅಂಗಳದಲ್ಲಿ ಒಮ್ಮೆ ಗೇರು ಹಾಕಿ ನೋಡಿ, ಆಮೇಲೆ ಜೇವರ್ಗಿಗೆ ಹೋಗಿ. ಅಲ್ಲಿ ಯಾರಾದರೂ "ಪೆಡಲು ಯಾರು ಇಳಿಸಿದ್ರರಿ?" ಎಂದು ಕೇಳಿದರೆ "ನಮ್ಮ ಮನಿಯಾಕಿ" ಎಂದು ಜಾರಿಕೊಳ್ಳಬೇಡಿ. ಮದುವೆಯ ದಿನ ಒಡಪು ಹಾಕಿ ಒಂದೇ ಸಲ ಹೇಳಿದ ನನ್ನ ಹೆಸರನ್ನು ಇನ್ನೊಂದು ಸಲ ಬಾಯಿಬಿಟ್ಟು ಹೇಳಿ.

ಗುರುಶಾಂತಮ್ಮ