ಒಲೆಯ ಮುಂದೆ ಹೇಳಿದ ಜಿಂಕೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ,

ನೀನೂ ಕೂಸೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತೆ. ಬೈಯುವುದಿದ್ದರೆ ನನ್ನನ್ನು ಬೈ, ನಿಮ್ಮಪ್ಪನನ್ನು ಬಿಡು. "ಮೊಮ್ಮಗಳನ್ನ ನೋಡೋಕೆ ಪುರುಸೊತ್ತಿಲ್ಲ, ಕಾಡು ನೋಡೋಕೆ ಇದೆಯಾ?" ಎಂದು ಕೇಳಿದ್ದೀಯ. ನಾನೂ ಅದನ್ನೇ ಕೇಳಿದೆ. "ಮೊದಲು ಕಾಡು, ಆಮೇಲೆ ಕೂಸು" ಎಂದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಿನಗೆ ಗೊತ್ತಲ್ಲ. ವಾಚ್ ರಿಪೇರಿ ಅಂಗಡಿಗೂ ಹಾಗೇ ಬಾಗಿಲು ಹಾಕಿಬಿಟ್ಟರು, ಸಾಕಾಯಿತು ಎಂದು.

ನಾವು ಹೋದ ಕಣಿವೆ ಚೆನ್ನಾಗಿತ್ತು. ಬಸ್ಸು ಇಳಿದಲ್ಲಿಂದಲೇ ಮರಗಳು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲೇ ಕಾಡುಹಂದಿ ಮಣ್ಣು ಕೆದಕಿ ಹೋದ ಗುರುತು. ನಾವು ಉಳಿದ ಮನೆಯ ಯಜಮಾನಿ ಗಟ್ಟಿಗಿತ್ತಿ. ನನ್ನ ಚಪ್ಪಲಿ ನೋಡಿ, "ಇದನ್ನ ಹಾಕ್ಕೊಂಡು ಕಾಡಿಗೆ ಬಂದ್ರೆ ವಾಪಸ್ ನಾನೇ ಹೊತ್ಕೊಂಡು ಬರಬೇಕಾಗುತ್ತೆ ಅಮ್ಮಾ" ಎಂದು ತನ್ನ ಮಗಳ ಬೂಟು ಕೊಟ್ಟಳು. ಕಾಡಿನಿಂದ ಬಂದವರು ಒಲೆಯ ಮುಂದೆ ಕೂತು ತಾವು ಕಂಡದ್ದನ್ನು ಹೇಳಬೇಕು, ಅದು ಅಲ್ಲಿಯ ಪದ್ಧತಿ. "ಕಾಡು ಯಾರಿಗೆ ಏನು ತೋರಿಸ್ತೋ ನಮಗೇನು ಗೊತ್ತು? ಕೇಳಿದವರು ಸುಳ್ಳು ಅನ್ನೋ ಹಾಗಿಲ್ಲ" ಎಂದಳು.

ನಿಮ್ಮಪ್ಪ ದುರ್ಬೀನು ಹಿಡಿದು ಹೊಳೆಯಾಚೆ ತುಂಬಾ ಹೊತ್ತು ನೋಡಿದರು. ಸಂಜೆ ಒಲೆಯ ಮುಂದೆ ಹೇಳಿದರು: ಒಂದು ಜಿಂಕೆ, ಅದರ ಕಾಲಿಗಂಟಿಕೊಂಡು ಮರಿ, ಮರಿಯ ಒಂದು ಕಿವಿ ಜೋತುಬಿದ್ದಿತ್ತು. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ.

ಕೂಸಿನ ಕತ್ತು ನಿಂತಿತೇ? ರಾತ್ರಿ ನಿನಗೆ ನಿದ್ದೆ ಮಾಡಲು ಬಿಡುತ್ತದೆಯೇ? ನೀನಂತೂ ಬಿಟ್ಟವಳಲ್ಲ, ಈಗ ಅನುಭವಿಸು. ಚಳಿ ಕಳೆದ ಮೇಲೆ ಕರೆದುಕೊಂಡು ಬರುತ್ತೇನೆ ಎಂದು ಬರೆದಿದ್ದೀಯ. ತಾಯಿ ಮಗಳು ತಣ್ಣಗಿರಿ, ನಿಮ್ಮ ಮೇಲೆ ಯಾರ ಕಣ್ಣೂ ಬೀಳದಿರಲಿ.

ನಿನ್ನ
ಅಮ್ಮ

ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ ಪುಟ್ಟಿ. ನಿಮ್ಮಪ್ಪ ಹೊಳೆಯಾಚೆ ನೋಡುವಾಗ ದುರ್ಬೀನಿನ ಮುಚ್ಚಳ ಹಾಕಿದ ಹಾಗೇ ಇತ್ತು. ತೆಗೆದುಕೊಡಲು ನನಗೆ ಧೈರ್ಯ ಬರಲಿಲ್ಲ. ತೆಗೆದ ಮೇಲೂ ಕಾಣದಿದ್ದರೆ? ಅವರಿಗೆ ಇರುವಷ್ಟು ದೃಷ್ಟಿಯೂ ಉಳಿಯುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ನಿನಗೆ ಮುಚ್ಚಿಟ್ಟಿದ್ದೆವು. ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪನೇ ಬಾಯಿಬಿಟ್ಟರು: "ಕೂಸನ್ನ ಕೈಗೆ ಕೊಟ್ಟಾಗ ಮುಖ ಕಾಣದಿದ್ರೆ ಏನು ಮಾಡ್ಲಿ? ಅದಕ್ಕೇ ಕಣ್ಣು ಕಾಣುತ್ತಾ ಅಂತ ಮೊದಲು ಕಾಡಲ್ಲಿ ನೋಡಿಕೊಂಡೆ." ಚಳಿ ಕಳೆಯಲಿ ಎಂದು ಕಾಯಬೇಡ, ಹೊರಟು ಬಾ. ಕಿಟಕಿಯ ಬೆಳಕಿನಲ್ಲಿ ಕೂಸನ್ನು ಅವರ ತೊಡೆಯ ಮೇಲೆ ಮಲಗಿಸು. ಯಾರ ಹಾಗಿದೆ ಎಂದು ಹೇಳಿದರೂ, ಹೌದಪ್ಪಾ ಅನ್ನು.