ರಂಗಯ್ಯ ಕಾದಿಟ್ಟ ಹಾರಿಕೆ

ಚಿತ್ರದುರ್ಗ,
ಸೌಮ್ಯ ಸಂವತ್ಸರದ ಮಾಘ ಬಹುಳ ಪಂಚಮಿ

ಚಿ. ಸೌ. ಸರ್ವಮಂಗಳೆಗೆ ನಿನ್ನ ಅಪ್ಪಾಜಿ ಮಾಡುವ ಆಶೀರ್ವಾದಗಳು.

ಗುರುವಿನ ದಯದಿಂದ ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನೀನು, ಅಳಿಯಂದಿರು, ಮಕ್ಕಳು, ಬೀಗರು, ಬೀಗಿತ್ತಿಯವರು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಬರೆದ ಕಾಗದ ಬಂದು ತಿಂಗಳ ಮೇಲಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಹತ್ತಿ ಮಂಡಿಯ ಕೆಲಸ ಹೆಚ್ಚು ಎಂದು ನೆಪ ಹೇಳಬಹುದಿತ್ತು, ಆದರೆ ನಿನಗೆ ನೆಪ ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ. ನಿಜವೇನೆಂದರೆ ನೀನು ಕಾಗದ ಬರೆದದ್ದು ನಿನ್ನವ್ವನ ಹೆಸರಿಗೆ. ಅವಳಿಗೆ ಓದು ಬಾರದು. ಮದುವೆಯಾಗಿ ಹೋದಾಗಿನಿಂದ, ಈ ಹನ್ನೊಂದು ವರ್ಷವೂ, ನೀನು ಅವಳಿಗೆ ಬರೆಯುತ್ತೀಯ, ನಾನು ಅವಳಿಗೆ ಓದಿ ಹೇಳುತ್ತೇನೆ. ಅದರೊಳಗೆ ನನಗೆಂದು ಒಂದು ಸಾಲೂ ಇರುವುದಿಲ್ಲ. ಆದರೆ ಈ ಕಾಗದಕ್ಕೆ ಮಾತ್ರ ನನ್ನ ಹೆಸರಿಗೇ ಉತ್ತರ ಬರಬೇಕು. ಏಕೆಂದು ಮುಂದೆ ಹೇಳುತ್ತೇನೆ.

ಸುದ್ದಿ ಇಷ್ಟರಲ್ಲಿ ನಿಮ್ಮ ಹೊಸದುರ್ಗಕ್ಕೂ ಮುಟ್ಟಿರಬೇಕು. ನಾನು ಚದುರಂಗದಲ್ಲಿ ಸೋತೆ.

ಪೇಟೆಯ ಛತ್ರದಲ್ಲಿ ನಾಲ್ಕು ತಾಲ್ಲೂಕಿನ ಆಟಗಾರರನ್ನು ಸೇರಿಸಿ ಪಂದ್ಯ ಇಟ್ಟಿದ್ದರು. ಹಿರಿಯೂರಿನವರು, ಹೊಳಲ್ಕೆರೆಯವರು ಮೊದಲೆರಡು ದಿನದಲ್ಲೇ ಗಂಟುಮೂಟೆ ಕಟ್ಟಿದರು. ದುರ್ಗದ ರೇವಣಸಿದ್ದಪ್ಪ ಇಪ್ಪತ್ತೆರಡು ವರ್ಷದಿಂದ ಸೋತವನಲ್ಲ ಎಂದು ಜನ ಹೇಳುತ್ತಾರೆ. ನನ್ನ ಬಗ್ಗೆ ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಮೈಸೂರಿನಿಂದ ಬಂದ ವಿದ್ವಾಂಸರೊಬ್ಬರನ್ನು ಎಲೆಯಡಿಕೆ ಮುಗಿಯುವುದರೊಳಗೆ ಕಟ್ಟಿಹಾಕಿದವನು ನಾನು. ಕೊನೆಯ ದಿನ ಎದುರಿಗೆ ಕುಳಿತವನು ನಿಮ್ಮೂರ ಕಡೆಯ ಕಂಬಳಿ ಮಾರುವ ರಂಗಯ್ಯ. ಹೆಗಲ ಮೇಲಿನ ಕಂಬಳಿಯನ್ನೂ ಇಳಿಸದೆ ಕುಳಿತ. ಇವನ ಜೊತೆ ಎಷ್ಟು ಹೊತ್ತು ಎಂದುಕೊಂಡೆ.

ನಿಜಕ್ಕೂ ಬಹಳ ಹೊತ್ತು ಹಿಡಿಯಲಿಲ್ಲ. ಮೂವತ್ತು ನಡೆಯಾಗುವಷ್ಟರಲ್ಲಿ ಅವನ ಮಂತ್ರಿ ಹೋಯಿತು, ಒಂದು ಆನೆ ಹೋಯಿತು. ನನ್ನ ಕುದುರೆಯನ್ನು ಒಂದು ಸಲ ನಡೆಸಿದ್ದರೆ ಅವನ ರಾಜನಿಗೆ ಅಲ್ಲಾಡಲು ಮನೆಯಿರಲಿಲ್ಲ. ಆಟ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಕಡೆಯ ಮರ್ಯಾದೆ ನಿನಗೆ ಗೊತ್ತಲ್ಲ. ಕುದುರೆಯಿಂದ ರಾಜನನ್ನು ಕಟ್ಟಿದರೆ ಗೆಲುವೇನೋ ಗೆಲುವೇ, ಜನ ತಲೆಯಾಡಿಸಿ ಎದ್ದು ಹೋಗುತ್ತಾರೆ. ಪೇದೆಯಿಂದ ಕಟ್ಟಿದರೆ ವರ್ಷವೆಲ್ಲ ಹೇಳಿಕೊಂಡು ತಿರುಗುತ್ತಾರೆ. ಛತ್ರ ತುಂಬ ಜನರಿದ್ದರು. ಇಷ್ಟು ಜನರೆದುರು ಕುದುರೆಯಿಂದ ಕಟ್ಟುವುದೇ ಎನ್ನಿಸಿತು. ಎರಡು ನಡೆ ತಡವಾದರೆ ಆಗಲಿ ಎಂದು ಪೇದೆಯನ್ನು ಒಂದು ಮನೆ ಮುಂದೆ ತಳ್ಳಿ, ಎಲೆಯಡಿಕೆ ತಟ್ಟೆಗೆ ಕೈ ಹಾಕಿದೆ.

ರಂಗಯ್ಯ ತನ್ನ ರಾಜನನ್ನು ಎತ್ತಿ ಕುದುರೆಯಂತೆ ಹಾರಿಸಿದ.

ಅಲ್ಲಿಯವರೆಗೆ ಶಹ ಕಾಣದ ರಾಜ ಆಟದಲ್ಲಿ ಒಂದೇ ಒಂದು ಸಲ ಹಾಗೆ ಹಾರಬಹುದು. ಎಲ್ಲರೂ ಆ ಹಾರಿಕೆಯನ್ನು ಮೊದಲ ಹತ್ತು ನಡೆಯಲ್ಲೇ ಮುಗಿಸಿ ರಾಜನನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಈ ಪುಣ್ಯಾತ್ಮ ಅದನ್ನು ಕಾದಿಟ್ಟುಕೊಂಡಿದ್ದ, ನಾನು ಮರೆತಿದ್ದೆ. ರಾಜ ಸರಿದ ಕೂಡಲೇ ಹಿಂದೆ ಇದ್ದ ಆನೆಗೆ ದಾರಿ ತೆರೆದು ನನ್ನ ರಾಜನಿಗೇ ಶಹ ಬಿತ್ತು. ಇನ್ನು ಮೂರು ನಡೆ, ಅಷ್ಟೇ. ತೀರ್ಪಿಗೆ ಕುಳಿತಿದ್ದ ಮುರುಗೇಶಪ್ಪ ಮೇಷ್ಟರು ಬಹಳ ಮೆಲ್ಲಗೆ, "ಯಜಮಾನ್ರೇ, ಆಟ ಆತು" ಅಂದರು. ಬಾಯಿಗಿಟ್ಟ ಅಡಿಕೆ ಇನ್ನೂ ಬಾಯಲ್ಲೇ ಇತ್ತು.

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ನಿನ್ನವ್ವ ಮರುಳಸಿದ್ದಮ್ಮ ಬಂದು, "ಸೋತೋರಿಗೂ ಹಸಿವಾಗ್ತೈತೆ, ಏಳ್ರಿ ಊಟಕ್ಕೆ" ಅಂದಳು. ಮಾರನೆಯ ದಿನದಿಂದ ಬಂದವರೆಲ್ಲ ಜಟ್ಟಿ ಜಾರಿಬಿದ್ದರೆ ಅದೂ ಒಂದು ಪಟ್ಟು ಎಂದು ಸಮಾಧಾನ ಹೇಳಿದರು. ನನಗೆ ಸಮಾಧಾನ ಬೇಕಾಗಿರಲಿಲ್ಲ ಮಗಳೇ, ಉತ್ತರ ಬೇಕಾಗಿತ್ತು. ಮೂರು ದಿನ ಮಣೆಯ ಮುಂದೆ ಕುಳಿತು ಆ ಆಟವನ್ನೇ ಮತ್ತೆ ಮತ್ತೆ ಆಡಿ ನೋಡಿದೆ. ಕುದುರೆ ನಡೆಸಿದ್ದರೆ ರಂಗಯ್ಯ ಸತ್ತಿದ್ದ. ಅದು ಅವನಿಗೂ ಕಾಣುತ್ತಿತ್ತು. ಕಂಡೂ ಕಂಡೂ ರಾಜನನ್ನು ಅಲ್ಲೇ ಬಿಟ್ಟಿದ್ದ. ನಾನು ಕುದುರೆ ನಡೆಸುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತು?

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಅವನು ಮದಕರಿಪುರದಲ್ಲಿ ತನ್ನ ಚಿಕ್ಕವ್ವ ಬೊಮ್ಮಕ್ಕನ ಮನೆಯಲ್ಲಿ ಇಳಿದುಕೊಂಡಿದ್ದಾನೆಂದು ತಿಳಿದು ನಡೆದೇ ಹೋದೆ. ನನ್ನನ್ನು ಕಂಡು ಆ ಮುದುಕಿ ಗಾಬರಿಯಾಗಿ, "ಸಾವ್ಕಾರ್ರೇ, ಹುಡ್ಗ ಏನೋ ತಿಳೀದೆ ಗೆದ್ದುಬಿಟ್ಟಾನೆ, ಮನಸ್ಸಿಗೆ ಹಚ್ಕಬ್ಯಾಡ್ರಿ" ಅಂದಳು. ನಲವತ್ತು ದಾಟಿದ ಆ ಹುಡುಗ ಹಿತ್ತಲಲ್ಲಿ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದ. ನನಗೆ ನಗು ಬಂತು. ನಾಲ್ಕು ದಿನದಲ್ಲಿ ಅದೇ ಮೊದಲು.

ಕೇಳಿದೆ. ಮೊದಲು, "ಏನೋ ಹೊಳೀತು, ಆಡಿದೆ" ಎಂದು ಜಾರಿಕೊಂಡ. ನಾನು ಬಿಡಲಿಲ್ಲ, ಅಲ್ಲೇ ಕಂಬಳಿಯ ಪಕ್ಕ ಕುಳಿತೆ. ಕೊನೆಗೆ ಕೈ ಒರೆಸಿಕೊಂಡು, "ನಿಮ್ಮ ಮಗಳವ್ರೇ ಹೇಳಿದ್ದು ಸಾವ್ಕಾರ್ರೇ. ನಮ್ಮಪ್ಪಾಜಿ ಕುದುರೇಲಿ ಕಟ್ಟಾಕಿಲ್ಲ, ಪೇದೇಲೇ ಕಟ್ಟಬೇಕು ಅಂತ ಕಾಯ್ತಾರೆ, ಅಲ್ಲಿಗಂಟ ರಾಜನ ಹಾರಿಕೆ ಇಟ್ಕಂಡಿರು ಅಂದಿದ್ರು" ಅಂದ.

ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿಸಿದೆ. ವರ್ಷಕ್ಕೆ ಎರಡು ಸಲ ಕಂಬಳಿ ತಂದಾಗ ಅವನು ನಿಮ್ಮ ಹಿತ್ತಲ ಜಗಲಿಯಲ್ಲಿ ಕೂರುತ್ತಾನಂತೆ, ನೀನು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತೀಯಂತೆ, ನಡುವೆ ಇದ್ದಿಲಿನಲ್ಲಿ ಬರೆದ ಮನೆಗಳಂತೆ. "ನಿಮ್ಮ ಬೀಗಿತ್ತೇರು ಅವರೆಕಾಯಿ ಸುಲೀತಾ ಅಲ್ಲೇ ಕುಂತಿರ್ತಾರೆ. ಒಂದೊಂದ್ಸಲ, ಆನೆ ನೋಡ್ಕಳ್ಳೇ ಅಂತ ಸೊಸಿಗೆ ಹೇಳಿಕೊಡ್ತಾರೆ" ಅಂದ. ಆ ಗಂಭೀರ ಹೆಂಗಸಿಗೆ ಚದುರಂಗ ಬರುತ್ತದೆಂದರೆ ನಿನ್ನವ್ವ ಇನ್ನೂ ನಂಬಿಲ್ಲ. ಎಂಟು ವರ್ಷದಿಂದ ಆಡುತ್ತಿದ್ದೀರಂತೆ. ನಿನ್ನೆದುರು ಒಂದು ಸಲವೂ ಗೆದ್ದಿಲ್ಲವಂತೆ ಅವನು.

ಇಲ್ಲಿ ತವರಿಗೆ ಬಂದಾಗ ನೀನು ಮಣೆಯತ್ತ ತಿರುಗಿಯೂ ನೋಡುವುದಿಲ್ಲ. ಆಟ ಮರೆತಿದ್ದೀಯ, ಸಂಸಾರದಲ್ಲಿ ಮುಳುಗಿದ್ದೀಯ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಎಂಥ ಪೆದ್ದ ನಾನು. ಕಾಯಿಗಳಿಗೆ ಏನು ಇಟ್ಟುಕೊಂಡಿರಿ? ಕುದುರೆಗೂ ಒಂಟೆಗೂ ಗುರುತು ಏನು? ಅಳಿಯಂದಿರಿಗೆ ಗೊತ್ತೋ? ರಂಗಯ್ಯನನ್ನು ಪಂದ್ಯಕ್ಕೆ ಹೋಗು ಎಂದದ್ದು ನೀನೋ, ಅವನಾಗಿ ಹೊರಟನೋ? ಕೋಪದಿಂದ ಕೇಳುತ್ತಿಲ್ಲ. ಎಲ್ಲವನ್ನೂ ಬರೆ, ವಿವರವಾಗಿ ಬರೆ.

ಇನ್ನೊಂದು ಪ್ರಶ್ನೆ ಇದೆ. ಅದಕ್ಕೇ ಈ ಕಾಗದ. ಹೊರಡುವಾಗ ರಂಗಯ್ಯನನ್ನು, "ನನ್ನ ಮಗಳು ಇನ್ನೇನು ಹೇಳಿದಳಪ್ಪ" ಎಂದು ಕೇಳಿದೆ. ಅವನು, "ಅವ್ವಾ, ನೀವು ಅಪ್ಪಾಜೀನ ಯಾವಾಗನ ಗೆದ್ದಿದ್ರಾ ಅಂತ ಕೇಳಿದೆ. ಒಂದೇ ಸಲ, ಆದ್ರೆ ಅದು ಅಪ್ಪಾಜಿ ಬಿಟ್ಟುಕೊಟ್ಟಿದ್ದು ಅಂದ್ರು" ಅಂದ. ಮದಕರಿಪುರದಿಂದ ಮನೆಯವರೆಗೆ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿತ್ತು. ಅದನ್ನು ನೀನು ನಂಬಿ ಹೇಳಿದೆಯೋ, ಹೊರಗಿನವನ ಮುಂದೆ ನನ್ನ ಮಾನ ಕಾಯಲು ಹೇಳಿದೆಯೋ? ಇದನ್ನು ಮಾತ್ರ ಮುಚ್ಚಿಡದೆ ಬರೆ.

ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ರಂಗಯ್ಯನ ಕೈಯಲ್ಲೇ ಕಳಿಸುತ್ತೇನೆ. ಪಂದ್ಯದ ಶಾಲು ಅವನ ಗಂಟಿನಲ್ಲಿದೆ, ನೋಡು, ಒಳ್ಳೆಯ ಶಾಲು. ಬೀಗಿತ್ತಿಯವರಿಗೆ ನನ್ನ ಶರಣು ತಿಳಿಸು. ಮಕ್ಕಳಿಗೆ ದೃಷ್ಟಿ ತೆಗೆ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ, ಮನೆ ತುಂಬಿರಲಿ, ನಿನ್ನ ಕೈ ಯಾವತ್ತೂ ಮೇಲಿರಲಿ.

ಇತಿ ನಿನ್ನ ಅಪ್ಪಾಜಿ,
ರೇವಣಸಿದ್ದಪ್ಪ

ತಾ.ಕ. ಕಾಗದ ಮಡಿಸಿದವನು ಮತ್ತೆ ಬಿಚ್ಚಿದ್ದೇನೆ. ನಿನ್ನನ್ನು ಕೇಳುವ ಮೊದಲು ನಾನು ಹೇಳಬೇಕು. ಅವತ್ತು ನಾನು ಬಿಟ್ಟುಕೊಡಲಿಲ್ಲ. ಜಗಲಿಯಲ್ಲಿ ನಾಲ್ಕು ಜನ ದೊಡ್ಡವರು ಕುಳಿತಿದ್ದರು. ನಿನಗೆ ಹದಿಮೂರು ವರ್ಷ. ಆನೆ ಇಟ್ಟು, "ಅಪ್ಪಾಜಿ, ರಾಜಂಗೆ ಮನೆ ಇಲ್ಲ" ಎಂದೆ. ನಾನು ಮೂರು ಸಲ ನೋಡಿದೆ, ಇರಲಿಲ್ಲ. ನಕ್ಕು, "ಮಗು ಅಳ್ತಾಳೆ ಅಂತ ಬಿಟ್ಟೆ" ಎಂದು ಅವರಿಗೆ ಹೇಳಿದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಮರುವಾರವೇ ಹೊಸದುರ್ಗದ ಸಂಬಂಧಕ್ಕೆ ಒಪ್ಪಿಗೆ ಹೇಳಿ ಕಳಿಸಿದೆ. ಇನ್ನೆರಡು ವರ್ಷ ಮನೆಯಲ್ಲಿರಲಿ ಎಂದು ನಿನ್ನವ್ವ ಅತ್ತಳು. ಒಳ್ಳೆಯ ಮನೆತನ ಕೈತಪ್ಪುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಮನೆತನ ಒಳ್ಳೆಯದೇ, ಆದರೆ ನನ್ನ ಆತುರ ಅದಕ್ಕಲ್ಲ. ನನ್ನನ್ನು ಸೋಲಿಸುವವಳು ನನ್ನ ಮನೆಯಲ್ಲೇ ಇರುವುದು ನನಗೆ ಬೇಡವಾಗಿತ್ತು, ಮಗಳೇ.