ಸುಗಂಧಿಯ ಚೀಟಿ

ಮಂಗಳವಾರ, 14 ಅಕ್ಟೋಬರ್

ಇವತ್ತು ಅಡುಗೆಯ ಸುಗಂಧಿಗೆ ನಾನು ಹಾಗೆ ಹೇಳಬಾರದಿತ್ತು.

ಅವಳಿಗೆ ಓದಲು ಬಾರದು ಎಂಬುದು ಹೋಟೆಲಿನಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು. ಎರಡು ವರ್ಷದಿಂದ ಆರ್ಡರ್ ಚೀಟಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಕೊಡುವಾಗ ಮೆಲ್ಲಗೆ ಓದಿ ಹೇಳುತ್ತಿದ್ದೆ. ಅವಳು ನನಗೆಂದು ಬಂಗುಡೆ ಮೀನಿನ ನಡುತುಂಡು ಎತ್ತಿಡುತ್ತಿದ್ದಳು. ಓದು ಬಾರದ ವಿಷಯ ನಾವಿಬ್ಬರೂ ಮಾತಾಡಿದ್ದೇ ಇಲ್ಲ.

ಮಧ್ಯಾಹ್ನ ಬಿ.ಸಿ.ರೋಡಿನಲ್ಲಿ ಇಳಿದ ಎರಡು ಟೂರಿಸ್ಟ್ ಬಸ್ಸಿನವರು ಒಟ್ಟಿಗೇ ನುಗ್ಗಿದರು. ಓದಿ ಹೇಳಲು ಪುರುಸೊತ್ತಾಗಲಿಲ್ಲ. ನೀರುದೋಸೆ ಕೇಳಿದವರಿಗೆ ಪರೋಟ ಹೋಯಿತು. ಗಿರಾಕಿ ನನಗೆ ಬೈದ. ನಾನು ಕಿಟಕಿಗೆ ಹೋಗಿ, "ನಿನಗೆ ಓದಲಿಕ್ಕೆ ಬರುವುದಿಲ್ಲವಾ?" ಎಂದು ಎಲ್ಲರೆದುರು ಕಿರುಚಿದೆ.

ಸಪ್ಲೈಯರ್ ಅಝೀಮ್ ನಕ್ಕ. "ಸುಗಂಧಿಯಕ್ಕನನ್ನು ಒಂದನೇ ಕ್ಲಾಸಿಗೆ ಸೇರಿಸುವ ಮಾರಾಯ್ರೆ!"

ಅವಳು ಕಾವಲಿಯಿಂದ ತಲೆ ಎತ್ತಲಿಲ್ಲ. "ಇಲ್ಲ ಫರ್ಹಾನಕ್ಕ, ಬರುವುದಿಲ್ಲ" ಎಂದಳು.

ಅಝೀಮನ ನಗು ನಿಂತಿತು. ಆಮೇಲೆ ಸಂಜೆಯವರೆಗೆ ನಾನು ಕೊಟ್ಟ ಪ್ರತಿ ಚೀಟಿಯನ್ನೂ ಅವಳು ಅವನ ಕೈಗೆ ದಾಟಿಸಿ ಗಟ್ಟಿಯಾಗಿ ಓದಿಸಿಕೊಂಡಳು.

ನಿನಗೆ ಓದಲು ಬಾರದ್ದನ್ನು ಗಡಿಬಿಡಿಯಲ್ಲಿ ಮರೆತು ಹಾಗೆ ಹೇಳಿದೆ ಎಂದು ನಾಳೆ ಕ್ಷಮೆ ಕೇಳಬಹುದು. ಅವಳು ನಂಬಿಯಾಳು. ಆದರೆ ಹೇಳುವಾಗ ನನಗೆ ನೆನಪಿತ್ತು.